ಓದುಗರ ಪ್ರಶ್ನೆ: ಹಲ್ಲು ಕ್ಲೀನಿಂಗ್‌ಗೆ ಬೇರೆ ದುಡ್ಡು ಕೊಡಬೇಕೆ?

ಪ್ರಶ್ನೆ: ವರ್ಷಕ್ಕೆರಡು ಸಲ ದಂತವೈದ್ಯರಲ್ಲಿ ತಪಾಸಣೆ ಮಾಡಿಸುತ್ತೇನೆ. ಈಗ ಅದರ ಜೊತೆಗೆ ಹೈಜೀನಿಸ್ಟ್ (ಹಲ್ಲು, ವಸಡು ಸ್ವಚ್ಛ ಮಾಡಲು ತರಬೇತಿ ಪಡೆದವರು) ಹತ್ತಿರ ಕ್ಲೀನಿಂಗ್ ಕೂಡ ಮಾಡಿಸಿ ಅನ್ನುತ್ತಿದ್ದಾರೆ, ಅದಕ್ಕೆ ಬೇರೆ ಶುಲ್ಕ. ನೋವಿಲ್ಲ, ಹುಳುಕಿಲ್ಲ. ಬ್ರಷ್ ಮಾಡುವಾಗ ಆಗಾಗ ಸ್ವಲ್ಪ ರಕ್ತ ಬರುತ್ತದೆ, ಅಷ್ಟೆ. ಈ ಖರ್ಚು ಬೇಕೆ?

ಉತ್ತರ: ನೀವು ‘ಅಷ್ಟೆ’ ಎಂದು ಬಿಟ್ಟ ರಕ್ತವೇ ಇಲ್ಲಿ ಮುಖ್ಯ. ಆರೋಗ್ಯವಾಗಿರುವ ವಸಡಿನಲ್ಲಿ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಬರುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ನನ್ನ ವಸಡಿನ ಅಳತೆ ಎಷ್ಟಿದೆ?’

ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿಯನ್ನು ಆ ಸಂದಿನೊಳಗೆ ಮೆಲ್ಲಗೆ ಇಳಿಸಿ, ಪ್ರತಿ ಹಲ್ಲಿನ ಸುತ್ತ 6 ಕಡೆ ಆಳ ನೋಡುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದು ರಕ್ತ ಬಾರದಿದ್ದರೆ ಚಿಂತೆಯಿಲ್ಲ. 4 ಅಥವಾ ಹೆಚ್ಚಿದ್ದು ರಕ್ತವೂ ಬಂದರೆ ಎಚ್ಚರ ಬೇಕು. 6 ದಾಟಿದರೆ ಒಳಗಿನ ಮೂಳೆ ಕರಗಿರುವ ಸಾಧ್ಯತೆ ಹೆಚ್ಚು. ಅಷ್ಟು ಆಳಕ್ಕೆ ಮನೆಯ ಬ್ರಷ್ ಇಳಿಯುವುದೇ ಇಲ್ಲ. ಅಂಥವರಿಗೆ ಬೇರಿನವರೆಗೂ ಮಾಡುವ ಕ್ಲೀನಿಂಗ್ ಚಿಕಿತ್ಸೆಯೇ ಸರಿ, ಅದಕ್ಕೆ ಹಿಂದೆಮುಂದೆ ನೋಡಬೇಡಿ. ಆಮೇಲೂ ಸುಮಾರು 3 ತಿಂಗಳಿಗೊಮ್ಮೆ ಹೋಗಬೇಕಾದೀತು, ಯಾಕೆಂದರೆ ಆ ಆಳದಲ್ಲಿ ಬ್ಯಾಕ್ಟೀರಿಯಾ ಮತ್ತೆ ಬೇರೂರಲು ಕೆಲವು ವಾರ ಸಾಕು.

ವಸಡು ಗಟ್ಟಿಯಾಗಿರುವವರ ಲೆಕ್ಕ ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಇದನ್ನೇ ಪರಿಶೀಲಿಸಿತ್ತು. ತೀವ್ರ ವಸಡು ರೋಗವಿಲ್ಲದ, ತಪ್ಪದೆ ತಪಾಸಣೆಗೆ ಹೋಗುವ ವಯಸ್ಕರಲ್ಲಿ 6 ಅಥವಾ 12 ತಿಂಗಳಿಗೊಮ್ಮೆ ಸ್ಕೇಲಿಂಗ್ (ಹಲ್ಲಿಗೆ ಅಂಟಿ ಗಟ್ಟಿಯಾದ ಪದರವನ್ನು, ಅಂದರೆ ಟಾರ್ಟರ್ ಅನ್ನು ಕೆರೆದು ತೆಗೆಯುವುದು), ಪಾಲಿಶಿಂಗ್ ಮಾಡಿಸಿದವರಿಗೂ ಹಾಗೆ ನಿಗದಿಯಾಗಿ ಮಾಡಿಸದವರಿಗೂ 2-3 ವರ್ಷಗಳಲ್ಲಿ ವಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಟಾರ್ಟರ್ ಮಾತ್ರ ಸ್ವಲ್ಪ ಕಡಿಮೆಯಿತ್ತು. ಪಾಲಿಶಿಂಗ್ ಕಲೆ ತೆಗೆಯುತ್ತದೆ, ರೋಗ ತಡೆಯುವುದಿಲ್ಲ. ಬರೀ ಹೊಳಪಿಗಾಗಿ ದುಡ್ಡು ಕೊಡುವುದಾದರೆ ಅದು ನಿಮ್ಮಿಷ್ಟ.

ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಕ್ಲಿಪ್ ಅಥವಾ ಇಂಪ್ಲಾಂಟ್ ಹಾಕಿಸಿಕೊಂಡವರು ಈ ಸಮಾಧಾನವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅದರಲ್ಲೂ ಸಿಗರೇಟು ಸೇದುವವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ, ಎಲ್ಲ ಸರಿಯಿದೆ ಎಂದೇ ತೋರುತ್ತದೆ.

ಹೋಗುವುದಾದರೆ ಪೂರ್ತಿ ಪ್ರಯೋಜನ ಪಡೆಯಿರಿ. ಹಲ್ಲಿನ ಮೇಲೆ ಕೂರುವ ಪಾಚಿಗೆ (ಪ್ಲಾಕ್) ಬಣ್ಣ ಹಿಡಿಸುವ ಮಾತ್ರೆ ಕೊಡಿ ಎಂದು ಕೇಳಿ. ಅಗಿದು ಉಗಿದು ಕನ್ನಡಿ ನೋಡಿದರೆ ನಿಮ್ಮ ಬ್ರಷ್ ಎಲ್ಲಿ ತಪ್ಪುತ್ತಿದೆ ಎಂದು ಬಣ್ಣವೇ ತೋರಿಸುತ್ತದೆ. ಹೆಚ್ಚಿನವರಲ್ಲಿ ಅದು ಕೆಳಗಿನ ಮುಂಬಲ್ಲುಗಳ ಒಳಬದಿ, ದವಡೆ ಹಲ್ಲುಗಳ ನಡುವಿನ ಸಂದು. ಕೆಳ ಮುಂಬಲ್ಲುಗಳ ಹಿಂದೆ ಜೊಲ್ಲಿನ ನಾಳ ತೆರೆಯುವುದರಿಂದ ಅಲ್ಲಿನ ಪಾಚಿ ಬೇಗ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ, ಮತ್ತೆ ಬ್ರಷ್‌ಗೆ ಜಗ್ಗುವುದಿಲ್ಲ. ಸಂದಿಗೆ ಹಾಕುವ ಪುಟ್ಟ ಬ್ರಷ್‌ನ ಅಳತೆಯನ್ನೂ ಅಲ್ಲೇ ಕೇಳಿಕೊಳ್ಳಿ. ಬಿರುಸು ಕೂದಲು ಎರಡೂ ಬದಿ ತಾಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು, ಒತ್ತಿ ತುರುಕುವಂತಿರಬಾರದು. ಒಂದೇ ಬಾಯಲ್ಲಿ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ.

ದಿನಕ್ಕೆರಡು ಸಲ, 2 ನಿಮಿಷ, ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು ಉಜ್ಜಿ. ರಕ್ತ ಬಂತೆಂದು ಆ ಜಾಗವನ್ನು ಬಿಟ್ಟರೆ ಪಾಚಿ ಅಲ್ಲೇ ಉಳಿದು ಊತ ಹೆಚ್ಚುತ್ತದೆ. 2 ವಾರ ಹೀಗೆ ಮಾಡಿದರೂ ರಕ್ತ ನಿಲ್ಲದಿದ್ದರೆ ಅಳತೆ ಮಾಡಿಸಲೇಬೇಕು.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಸಡಿಲಾಗಿ, ನಡುವೆ ಸಂದು ಬಿದ್ದಂತಿದೆ. ಎನಾಮಲ್ ಸವೆದುಹೋಯಿತೆ?

ಉತ್ತರ: ಇಲ್ಲ. ಸಂದು ಮೊದಲೇ ಇತ್ತು, ಟಾರ್ಟರ್ ಅದನ್ನು ತುಂಬಿತ್ತು. ಊತ ಇಳಿದಾಗ ವಸಡು ಕುಗ್ಗುವುದರಿಂದ ಇನ್ನಷ್ಟು ಎದ್ದು ಕಾಣುತ್ತದೆ. ಟಾರ್ಟರ್ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿದ್ದರೆ ಅದು ಹೋದ ಮೇಲೆ ಅಲುಗಾಟ ಗೊತ್ತಾಗುತ್ತದೆ. ಅಲುಗಾಟಕ್ಕೆ ಕಾರಣ ಕರಗಿದ ಮೂಳೆ, ಕ್ಲೀನಿಂಗ್ ಅಲ್ಲ. ತಣ್ಣಗಿನದು ತಾಗಿದರೆ ಕೆಲವು ದಿನ ಜುಮ್ಮೆನ್ನಬಹುದು. ಸೆನ್ಸಿಟಿವಿಟಿ ಪೇಸ್ಟ್ ಬಳಸಿ, ಉಜ್ಜಿದ ಮೇಲೆ ಉಗಿಯಿರಿ, ನೀರಿನಿಂದ ಮುಕ್ಕಳಿಸಬೇಡಿ. ಅಲುಗಾಟ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಿ ಮೂಳೆ ಎಷ್ಟು ಉಳಿದಿದೆ ನೋಡಿಸಿ.