ಹಳೆ ಕ್ಯಾಂಪರ್ ವ್ಯಾನ್: ಮೊದಲು ನೀರು ನಿಲ್ಲಿಸಿ, ಮೈಕಾ ಆಮೇಲೆ

ಪ್ರಶ್ನೆ: ನಾವು ಬ್ರಹ್ಮಾವರದವರು. 2011ರ ಟಾಟಾ ವಿಂಗರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದೇವೆ. ಮೊದಲಿನ ಮಾಲೀಕರು ಅದರೊಳಗೆ ಮಂಚ, ಕಪಾಟು, ಸಣ್ಣ ಅಡುಗೆ ಕಟ್ಟೆ, ಟಾಪ್ ಮೇಲೆ ಫ್ಯಾನ್ ಎಲ್ಲ ಮಾಡಿಸಿದ್ದರು. ಆಮೇಲೆ ಎರಡು ಮಳೆಗಾಲ ತೆಂಗಿನ ಮರದ ಅಡಿಯಲ್ಲೇ ನಿಂತಿತ್ತು. ಇಂಜಿನ್ ಚೆನ್ನಾಗಿ ಉಂಟು ಅಂತ ಗ್ಯಾರೇಜಿನವರು ಹೇಳುತ್ತಾರೆ. ಆದರೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮಂಚದ ಮೇಲೆ ಒಂದು ಕಡೆ ನೀರು ತೊಟ್ಟಿಕ್ಕುತ್ತದೆ. ಬಾಗಿಲ ಹತ್ತಿರ ನೆಲ ಮೆತ್ತಗಾಗಿದೆ. ಹೊಸ ಪ್ಲೈವುಡ್, ಮೈಕಾ ಹಾಕಿಸಿ, ಪೇಂಟ್ ಹೊಡೆಸಿ ಡಿಸೆಂಬರ್ ರಜೆಗೆ ಹೊರಡುವ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಚಾರಿಯನ್ನು ಸದ್ಯಕ್ಕೆ ಕರೆಯಬೇಡಿ. ಪೇಂಟರ್ ಕೂಡ ಬೇಡ. ನಿಮ್ಮ ಪತ್ರದಲ್ಲಿ ಇಂಜಿನ್ ಬಗ್ಗೆ ಒಂದು ಸಾಲು ಉಂಟು, ನೀರಿನ ಬಗ್ಗೆ ಮೂರು. ಗಾಡಿಯ ಕಾಯಿಲೆಯೂ ಅದೇ ಲೆಕ್ಕದಲ್ಲಿದೆ. ಉಡುಪಿ ಕಡೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಳಿದ ತಿಂಗಳು ಉಪ್ಪು ಗಾಳಿ. ಇಂಥಲ್ಲಿ ಒದ್ದೆ ಹಲಗೆಯ ಮೇಲೆ ಹೊಸ ಮೈಕಾ ಅಂಟಿಸಿದರೆ ಹಲಗೆ ಒಳಗೇ ಕೊಳೆಯುತ್ತದೆ, ಅದರ ಹಿಂದಿನ ತಗಡೂ ಹೋಗುತ್ತದೆ. ಮುಂದಿನ ಮಳೆಗಾಲದ ಆಟಿ ತಿಂಗಳಿಗೆ ಅದೇ ವಾಸನೆ, ಖರ್ಚು ಮಾತ್ರ ಎರಡನೇ ಸಲ.

ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ಹುಡುಕಿ. ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಟಾಪ್‌ನ ಅಡ್ಡಪಟ್ಟಿ ಹಿಡಿದು ಎರಡು ಮೂರು ಅಡಿ ಹರಿದು, ಸೀಲಿಂಗ್ ಶೀಟಿನ ಸಂದು ಸಿಕ್ಕಿದಲ್ಲಿ ಕೆಳಗೆ ಬೀಳುತ್ತದೆ. ಹಾಗಾಗಿ ಸೀಲಿಂಗ್ ಬಿಚ್ಚಲೇಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತುಕೊಳ್ಳಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿಂದ ಮೇಲಕ್ಕೆ ಹೋಗಿ. ಮೊದಲು ಕಿಟಕಿಯ ಕೆಳಗಿನ ರಬ್ಬರ್, ಆಮೇಲೆ ಅದರ ಪಕ್ಕ, ಟಾಪ್ ಅಂಚಿನ ನೀರಿನ ಕಾಲುವೆ, ಕೊನೆಗೆ ಟಾಪ್. ಒಂದೊಂದು ಜಾಗಕ್ಕೆ ಐದು ನಿಮಿಷವಾದರೂ ಕೊಡಿ. ಮೇಲಿಂದಲೇ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪ್ ಬೇಡ. ಅದು ಸರಿ ಇರುವ ರಬ್ಬರಿನ ಒಳಗೂ ನೀರು ನುಗ್ಗಿಸುತ್ತದೆ.

ನನ್ನ ಅನುಮಾನ ಆ ಫ್ಯಾನ್ ಮೇಲೆ. ಕಂಪನಿಯಿಂದ ಬಂದ ಟಾಪ್ ತಾನಾಗಿ ಸೋರುವುದು ಕಡಿಮೆ. ನಾವು ಕೊರೆದ ತೂತು ಸೋರುವುದೇ ಜಾಸ್ತಿ. ತಗಡು ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚದೆ ಫ್ಯಾನ್ ಕೂರಿಸಿ ಸುತ್ತ ಸಿಲಿಕಾನ್ ಹಾಕುತ್ತಾರೆ. ಅಂಚಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಸಿಲಿಕಾನ್ ಎದ್ದು ಬರುತ್ತದೆ. ಆಗ ಅದರ ಮೇಲೆ ಇನ್ನೊಂದು ಪದರ ಸಿಲಿಕಾನ್! ಹಳೆ ಸಿಲಿಕಾನ್ ಮೇಲೆ ಹೊಸತು ಸರಿಯಾಗಿ ಹಿಡಿಯುವುದಿಲ್ಲ, ಪೇಂಟ್ ಕೂಡ ನಿಲ್ಲುವುದಿಲ್ಲ. ಅದು ಬಾತ್‌ರೂಮಿನ ಸಾಮಾನು, ಗಾಡಿಯ ಟಾಪ್‌ಗೆ ತರಬೇಡಿ. ಫ್ಯಾನ್ ಪೂರ್ತಿ ತೆಗೆಸಿ. ಹಳೆಯದನ್ನೆಲ್ಲ ಕೆರೆದು ತಗಡು ಕಾಣುವಷ್ಟು ಉಜ್ಜಿಸಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್ ಹಾಕಿಸಿ. ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಇಟ್ಟು ಸ್ಕ್ರೂ ಬಿಗಿದು, ಅಂಚಿಗೂ ಸ್ಕ್ರೂ ತಲೆಗೂ ಪಿಯು (ಪಾಲಿಯುರೆಥೇನ್) ಸೀಲೆಂಟ್ ಎಳೆಯಬೇಕು. ತೆಂಗಿನ ಮರದ ಕಸ ತುಂಬಿ ಕಾಲುವೆ ಕಟ್ಟಿಕೊಂಡಿದ್ದರೆ ಅದನ್ನೂ ಬಿಡಿಸಿ. ಮತ್ತೆ ಆ ಮರದ ಅಡಿ ನಿಲ್ಲಿಸಬೇಡಿ ಮಾರಾಯ್ರೆ, ಒಂದು ತೆಂಗಿನಕಾಯಿ ಸಾಕು.

ಬಾಗಿಲ ಹತ್ತಿರದ ಮೆತ್ತನೆ ನೆಲ ನನಗೆ ಟಾಪ್‌ಗಿಂತ ದೊಡ್ಡ ಚಿಂತೆ. ವಿಂಗರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಅದು ಮೊನೊಕಾಕ್ ಗಾಡಿ, ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಚಕ್ರದ ಕಮಾನು, ಇವೆಲ್ಲ ಭಾರ ಹೊರುವ ಭಾಗಗಳು. ಅಲ್ಲಿಗೆ ತುಕ್ಕು ಬಂದರೆ ಗಾಡಿಯ ಬಲವೇ ಹೋಗುತ್ತದೆ. ನೆಲದ ಪ್ಲೈವುಡ್ ಎಬ್ಬಿಸಿ ನೋಡಿ. ಗಾಡಿ ಎತ್ತಿಸಿ ಅಡಿಯಿಂದ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಹಳೆ ಕಪ್ಪು ಡಾಂಬರು ಕೋಟಿಂಗ್ ಗಟ್ಟಿಯಾಗಿ ಕಂಡರೂ ನಂಬಬೇಡಿ, ಅದರ ಹಿಂದೆಯೇ ನೀರು ಕೂತಿರುತ್ತದೆ.

ಮೇಲ್ಮೈ ತುಕ್ಕು ಮಾತ್ರವಾದರೆ ವೈರ್ ಬ್ರಷ್, ರಸ್ಟ್ ಕನ್ವರ್ಟರ್, ಪ್ರೈಮರ್ ಸಾಕು. ತೂತಾಗಿದ್ದರೆ ಕೆಟ್ಟ ತಗಡು ಕತ್ತರಿಸಿ ಹೊಸತು ವೆಲ್ಡ್ ಮಾಡಿಸಬೇಕು. ಪುಟ್ಟಿ ತುಂಬಿ ನೀಟಾಗಿ ಮುಚ್ಚಿಕೊಡುತ್ತೇನೆ ಅನ್ನುವ ಟಿಂಕರ್ ಸಿಕ್ಕಿದರೆ ಕೈಮುಗಿದು ಹೊರಡಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಸಿ, ಹತ್ತಿರದ ಫೋಮು, ಬಟ್ಟೆ, ಡೀಸೆಲ್ ಪೈಪ್ ಎಲ್ಲ ಸರಿಸಿ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಸಣ್ಣ ತೂತುಗಳು ಇರುತ್ತವೆ. ನೀರು ಇಳಿಯಲಿಕ್ಕೆ ಅಂತಲೇ ಬಿಟ್ಟದ್ದು ಅವು. ಕೋಟಿಂಗ್ ಹೊಡೆಯುವವರು ಅದನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ, ನಿಂತು ನೋಡಿಕೊಳ್ಳಿ. ಎರಡು ಮೂರು ಕಡೆ ತಗಡು ಹೋಗಿದ್ದರೆ ಧೈರ್ಯವಾಗಿ ಮಾಡಿಸಿ. ಸಸ್ಪೆನ್ಷನ್ ಕೂರುವ ಜಾಗವೇ ಉದುರುತ್ತಿದ್ದರೆ ಬೇಸರವಾದರೂ ಒಂದೇ ಮಾತು, ಗುಜರಿ. ಒಳಗಿನ ಫ್ಯಾನು, ಟ್ಯಾಂಕು, ಬ್ಯಾಟರಿ ಇನ್ನೊಂದು ಗಾಡಿಗೆ ಬರುತ್ತವೆ.

ಡಿಸೆಂಬರ್ ಪ್ರವಾಸ ಬಿಡಬೇಕಾಗಿಲ್ಲ. ಸೋರುವುದು ನಿಂತು, ನೆಲ ಗಟ್ಟಿಯಾದರೆ ಖಾಲಿ ಗಾಡಿಯಲ್ಲಿ ಹಾಸಿಗೆ ಹಾಸಿಕೊಂಡು ಹೋಗಿ ಬನ್ನಿ. ಎಲ್ಲಿ ತಲೆ ತಾಗುತ್ತದೆ, ಎಲ್ಲಿ ಕಪಾಟು ಬೇಕು ಅಂತ ಆಗಲೇ ಗೊತ್ತಾಗುವುದು. ಯಕ್ಷಗಾನ ಮೇಳಗಳ ತಿರುಗಾಟ ಇರುವಷ್ಟು ದಿನ, ಅಂದರೆ ನವೆಂಬರ್‌ನಿಂದ ಮೇವರೆಗೆ, ಈ ಕೆಲಸಕ್ಕೂ ಒಳ್ಳೆ ಕಾಲ. ಮರ ಒಣಗುತ್ತದೆ, ಪೇಂಟ್ ಹಿಡಿಯುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಹೊರಗಿನ ಕೆಲಸವೆಲ್ಲ ಮುಗಿದಿರಲಿ.

ಮರದ ಕೆಲಸಕ್ಕೆ ಕೂತಾಗ ತೂಕ ನೆನಪಿಡಿ. 18 ಎಂ.ಎಂ. ದಪ್ಪದ 8×4 ಪ್ಲೈವುಡ್ ಹಾಳೆ ಒಂದಕ್ಕೆ ಹೆಚ್ಚುಕಡಿಮೆ 35 ಕಿಲೊ. ಮನೆಯ ವಾರ್ಡ್‌ರೋಬ್ ಮಾಡುವ ಆಚಾರಿ ಅದನ್ನೇ ಕೇಳುತ್ತಾರೆ. ನೀವು 9 ಅಥವಾ 12 ಎಂ.ಎಂ. ಕೊಡಿಸಿ, ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಆಗಿರಲಿ, ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಅಥವಾ ಎಪಾಕ್ಸಿ ಹಚ್ಚಿಸಿ. ವಿಂಗರ್‌ನಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರವನ್ನು. ನೀರಿನ ಟ್ಯಾಂಕು, ಬ್ಯಾಟರಿ, ಸಾಮಾನು ಎಲ್ಲ ಹಿಂದಿನ ಚಕ್ರದ ಆಚೆಗೆ ತುಂಬಿದರೆ ಮುಂಭಾಗ ಹಗುರವಾಗುತ್ತದೆ. ಮಳೆಯಲ್ಲಿ ಚಾರ್ಮಾಡಿ ತಿರುವು ಹತ್ತುವಾಗ ಚಕ್ರ ಸುಮ್ನೆ ತಿರುಗುತ್ತದೆ. ನೂರು ಲೀಟರ್ ನೀರು ಅಂದರೆ ನೂರು ಕಿಲೊ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ ಬರಲಿ.

ಶಾಖ ತಡೆಯಲು ಥರ್ಮೋಕೋಲ್, ಗ್ಲಾಸ್ ವೂಲ್ ಬೇಡ. ಗ್ಲಾಸ್ ವೂಲ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಥರ್ಮೋಕೋಲ್ ಹಿಂದೆ ನೀರು ನಿಲ್ಲುತ್ತದೆ. ಏಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟ್ ಒಳ್ಳೆಯದು. ತಗಡಿಗೆ ಪೂರ್ತಿ ಅಂಟಿಕೊಳ್ಳಬೇಕು. ಸಿಂಕ್ ಕೆಳಗೋ ಸ್ನಾನದ ಜಾಗಕ್ಕೋ ಫೈಬರ್ ತಟ್ಟೆ ಬೇಕಿದ್ದರೆ ಮಲ್ಪೆಯಲ್ಲಿ ಬೋಟಿಗೆ ಫೈಬರ್ ಹಾಕುವವರನ್ನು ಕೇಳಿ. ಉಪ್ಪುನೀರಿನ ಜೊತೆ ದಿನಾ ಬಾಳುವವರು ಅವರು.

ಇಷ್ಟೆಲ್ಲ ಖರ್ಚಿಗೆ ಮೊದಲು ಆರ್‌ಸಿ ತೆಗೆದು ಓದಿ. ಅದರಲ್ಲಿ ಗಾಡಿಯ ವರ್ಗ ಏನಿದೆ, ಸೀಟು ಎಷ್ಟು ಬರೆದಿದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಇಲ್ಲದೆ ಗಾಡಿಗೆ ಕಂಪನಿ ಕೊಟ್ಟ ರೂಪವನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಆರ್‌ಸಿಯಲ್ಲಿ ಸೀಟು, ಒಳಗೆ ಮಂಚ ಅಂತಾದರೆ 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಗಾಡಿ ತೋರಿಸುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಇದೇ ಕಾರಣ ಹಿಡಿಯಬಹುದು. ನಿಮ್ಮದು 2011ರ ಗಾಡಿ, 15 ವರ್ಷ ಅಂದರೆ 2026. ಮಂಚ ಬಿಚ್ಚಿರುವಾಗಲೇ ಉಡುಪಿ ಆರ್‌ಟಿಒದಲ್ಲಿ ಕೇಳಿಕೊಂಡು ಬನ್ನಿ.

ಪ್ರಶ್ನೆ: ಸುರತ್ಕಲ್‌ನಿಂದ. ನನ್ನ ಹಳೆ ಓಮ್ನಿಯಲ್ಲಿ ಹಿಂದೆ ಮಲಗುವ ವ್ಯವಸ್ಥೆ ಉಂಟು. ಗ್ಯಾಸ್ ಅಂದರೆ ಮನೆಯವರಿಗೆ ಹೆದರಿಕೆ. 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ಹಾಕಿ ಇಂಡಕ್ಷನ್ ಒಲೆ ಇಡಬಹುದಾ? ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗುತ್ತದಲ್ಲ?

ಉತ್ತರ: ಲೆಕ್ಕ ಹಾಕೋಣ. ಆ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆದರೆ 12.8 ವೋಲ್ಟ್, 100 ಎಎಚ್, ಅಂದರೆ 1,280 ವ್ಯಾಟ್ ಅವರ್. 2,000 ವ್ಯಾಟ್ ಇಂಡಕ್ಷನ್ ಪೂರ್ತಿ ಉರಿಸಿದರೆ ಇನ್ವರ್ಟರ್ ತಿನ್ನುವುದೂ ಸೇರಿ ಅರ್ಧ ಗಂಟೆಯಲ್ಲಿ ಹೆಚ್ಚುಕಡಿಮೆ ಖಾಲಿ. ಚಾ, ಮೊಟ್ಟೆಗೆ ಸಾಕು. ಕುಚ್ಚಲಕ್ಕಿ ಬೇಯಿಸಲು ಹೊರಟರೆ ಅನ್ನವೂ ಆಗುವುದಿಲ್ಲ, ರಾತ್ರಿಗೆ ಫ್ಯಾನೂ ಇಲ್ಲ. ಜೊತೆಗೆ ಬ್ಯಾಟರಿ ವಯರಿನಲ್ಲಿ ಹರಿಯುವುದು 170 ಆಂಪಿಯರ್‌ಗಿಂತ ಜಾಸ್ತಿ. ಹೆಬ್ಬೆರಳಿನ ದಪ್ಪದ ಕೇಬಲ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ಅನೇಕ ಬ್ಯಾಟರಿಗಳ ಒಳಗೆ ಕಾವಲಿಗಿರುವ ಬಿಎಂಎಸ್ ಅನ್ನುವ ಸರ್ಕ್ಯೂಟ್ 100 ಆಂಪಿಯರ್‌ಗೇ ಕಟ್ ಮಾಡುತ್ತದೆ. 800 ವ್ಯಾಟ್‌ಗೆ ಇಳಿಸಿ ಬಳಸುವುದಾದರೆ ಸರಿ.

ಆಲ್ಟರ್ನೇಟರ್‌ಗೆ ಲಿಥಿಯಂ ನೇರ ಜೋಡಿಸಬೇಡಿ. ಸೀಸದ ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕಡಿಮೆ ಕರೆಂಟ್ ಎಳೆಯುತ್ತದೆ. ಲಿಥಿಯಂ ಹಾಗಲ್ಲ, ಕೊಟ್ಟಷ್ಟೂ ಎಳೆಯುತ್ತದೆ. ಓಮ್ನಿಯ ಸಣ್ಣ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಸಣ್ಣದು ಸಾಕು. ಗಾಡಿಯ ಸ್ವಂತ ಬ್ಯಾಟರಿ ಬೇರೆಯೇ ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ತಳ್ಳಬೇಕಾದೀತು. ಸೋಲಾರ್ ಬೇಕಿದ್ದರೆ ಒಳ್ಳೆ ಬಿಸಿಲಿಗೆ 100 ವ್ಯಾಟ್ ಪ್ಯಾನೆಲ್ ದಿನಕ್ಕೆ 400 ವ್ಯಾಟ್ ಅವರ್ ಆಸುಪಾಸು ಕೊಡುತ್ತದೆ. ಜುಲೈಯಲ್ಲಿ ಅದನ್ನು ನಂಬಿ ಹೊರಡಬೇಡಿ.

ನನ್ನ ಸಲಹೆ ಕೇಳುವುದಾದರೆ, ಗ್ಯಾಸ್ ಇರಲಿ, ಒಲೆ ಗಾಡಿಯ ಹೊರಗೆ ಹಚ್ಚಿ. ಅಕ್ಕಿ ಒಂದು ಕುದಿ ಬಂದ ಮೇಲೆ ಥರ್ಮಲ್ ಕುಕ್ಕರಿಗೆ ಇಳಿಸಿದರೆ ಗಾಡಿ ಓಡುವಾಗಲೇ ಅನ್ನ ಆಗುತ್ತದೆ. ಸಿಲಿಂಡರ್ ಒಳಗಿಡುವುದಾದರೆ ಅದರ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಮೇಲಿನ ಕಿಟಕಿ ತೆರೆದಿಟ್ಟರೆ ಸಾಲದು.

ಪ್ರಶ್ನೆ: ಕದ್ರಿಯಿಂದ. ರಾತ್ರಿ ಸೆಕೆ ತಡೆಯಲು ಆಗುವುದಿಲ್ಲ. ವ್ಯಾನಿನ ಹಿಂದೆ ಸಣ್ಣ ಪೆಟ್ರೋಲ್ ಜನರೇಟರ್ ಕಟ್ಟಿ, ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಮಲಗಬಹುದಾ?

ಉತ್ತರ: ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. ಜನರೇಟರ್ ಹೊಗೆ ನೆಲದ ತೂತಿನಿಂದ ಒಳಗೆ ಬಂದದ್ದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರ ಆಗುವುದಿಲ್ಲ. ಹಳೆ ಗಾಡಿಯಲ್ಲಿ ವಯರು, ಪೈಪು ಹಾದುಹೋದ ತೂತುಗಳು ಎಷ್ಟಿರುತ್ತವೆ, ನೋಡಿದ್ದೀರಾ? ಇಂಜಿನ್ ಆನ್ ಇಟ್ಟು ಏಸಿ ಹಾಕುವುದೂ ಅಷ್ಟೇ ಅಪಾಯ.

ಕರೆಂಟ್ ಸಿಗುವ ಜಾಗದಲ್ಲಿ ನಿಲ್ಲಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್) ಹಾಕಿಸಿಕೊಂಡು ಏಸಿ ಓಡಿಸಿ. ಅದಿಲ್ಲದ ಕಡೆ ಎದುರುಬದುರು ಎರಡು ಕಿಟಕಿಗೆ ಸೊಳ್ಳೆ ಬಲೆ, ಟಾಪ್‌ಗೆ ಗಾಳಿ ಹೊರಗೆಳೆಯುವ 12 ವೋಲ್ಟ್ ಫ್ಯಾನ್. ಸಮುದ್ರ ಬದಿಯಲ್ಲಾದರೆ ಗಾಳಿ ಬರುವ ಕಡೆ ಬಾಗಿಲು ಮಾಡಿ ನಿಲ್ಲಿಸಿ. ಇಷ್ಟಾದರೂ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತೆಗೆದುಕೊಂಡು ಮಲಗುವ ತಲೆಯ ಎತ್ತರದಲ್ಲಿ ಹಾಕಿ.

ಪ್ರಶ್ನೆ: ಕಾರ್ಕಳದಿಂದ. ನಾನು ತೆಗೆದುಕೊಂಡ ಕ್ಯಾಂಪರ್ ಕಡಿಮೆ ಓಡಿದ್ದು, ಟಯರಿನ ಮೇಲಿನ ಗಂಟು (ಟ್ರೆಡ್) ಎಲ್ಲ ಹೊಸತರ ಹಾಗೇ ಇದೆ. ಆದರೂ ಮೆಕ್ಯಾನಿಕ್ ಐದೂ ಟಯರ್ ಬದಲಿಸಿ ಅನ್ನುತ್ತಾರೆ. ಸುಮ್ನೆ ಬಿಲ್ ಮಾಡುವುದಾ?

ಉತ್ತರ: ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 3516 ಅಂತ ಇದ್ದರೆ 2016ರ 35ನೇ ವಾರ ತಯಾರಾದದ್ದು. ನಿಂತ ಗಾಡಿಯ ಟಯರ್ ಸವೆಯುವುದಿಲ್ಲ, ರಬ್ಬರ್ ಗಟ್ಟಿಯಾಗಿ ಒಡೆಯುತ್ತದೆ. ಆರು ವರ್ಷ ದಾಟಿದ್ದು, ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸಿ. ಹತ್ತು ವರ್ಷ ದಾಟಿದ್ದರೆ ನೋಡುವುದೇ ಬೇಡ, ಸ್ಟೆಪ್ನಿಯೂ ಸೇರಿ. ಹೊಸತು ಹಾಕುವಾಗ ಭಾರ ಹೊರುವ ರೇಟಿಂಗ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗಬಾರದು.

ನಿಮ್ಮ ಮೆಕ್ಯಾನಿಕ್ ಸರಿಯಾಗಿಯೇ ಹೇಳಿದ್ದಾರೆ. ಅವರ ಹತ್ತಿರ ಬ್ರೇಕ್ ಆಯಿಲ್ ಕೂಡ ಬದಲಿಸಿಕೊಳ್ಳಿ. ಅದು ಗಾಳಿಯ ತೇವ ಹೀರುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗುತ್ತದೆ, ಆಗ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯದೆ ಪೆಡಲ್ ಪೂರ್ತಿ ಕೆಳಗೆ ಹೋಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಆಯಿಲ್ ಹಾಕಿಸಬೇಕು, ಗಾಡಿ ಓಡಲಿ ಬಿಡಲಿ. ಹಿಂದಿನ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ಜಾಮ್ ಆಗಿದೆಯಾ ನೋಡಲು ಹೇಳಿ. ಅದಾದ ಮೇಲೆ ಆಗುಂಬೆಗೆ ಹೊರಡಿ.