ಬೇರೆ ದೇಶದಲ್ಲಿ ಯುದ್ಧ, ನಮ್ಮ ಮನೆಯಲ್ಲಿ ಗಾಬರಿ: ಮೊದಲ ವಾರದ ಪ್ರಶ್ನೆಗಳಿಗೆ ತಜ್ಞರ ಉತ್ತರ

ಒಂದು ದೇಶದ ಸೈನ್ಯ ಇನ್ನೊಂದು ದೇಶಕ್ಕೆ ನುಗ್ಗಿತು ಎಂಬ ಸುದ್ದಿ ಬಂದ ಕೂಡಲೇ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಫೋನುಗಳು ಬಡಿದುಕೊಳ್ಳುತ್ತವೆ. ಯಾರದೋ ಗಂಡ, ಯಾರದೋ ಮಗಳು ಅಲ್ಲಿರುತ್ತಾರೆ. ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನನ್ನ ಗಂಡ ಕುವೈತಿನಲ್ಲಿ ಕೆಲಸದಲ್ಲಿದ್ದಾರೆ. 1990ರಲ್ಲಿ ನಮ್ಮ ಮಾವನವರು ಅಲ್ಲಿಂದ ಒಂದೇ ಬ್ಯಾಗು ಹಿಡಿದುಕೊಂಡು ಬಂದವರು. ಈಗಲೂ ಗಲ್ಫಿನ ಕಡೆ ಸಣ್ಣ ಗಲಾಟೆ ಅಂತ ಟಿವಿಯಲ್ಲಿ ಬಂದರೆ ಅತ್ತೆ ಊಟ ಬಿಡುತ್ತಾರೆ. ಮೊದಲೇ ಏನು ಸಿದ್ಧ ಮಾಡಿಕೊಳ್ಳಬಹುದು?
— ಗೃಹಿಣಿ, ಕಾಪು

ಉತ್ತರ: ಅತ್ತೆಯವರ ಹೆದರಿಕೆ ಸುಮ್ಮನೆ ಬಂದದ್ದಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಫೋನ್ ಸಂಪರ್ಕವೇ ಕಡಿದುಹೋಗಿತ್ತು. ಬಾಗ್ದಾದ್ ದಾರಿಯಾಗಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ 488 ವಿಮಾನಗಳಲ್ಲಿ ಮುಂಬೈಗೆ ತಂದಿತು. ಹಾಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು.

ಜೀವ ಉಳಿಸಿಕೊಂಡು ಬಂದವರಿಗೆ ಆಮೇಲೆ ಕೈಹಿಡಿದದ್ದು ಕಾಗದಪತ್ರ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿತು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರೊಳಗೆ ಅಲ್ಲಿಂದ ಹೊರಟವರು ಎಂದು ತೋರಿಸಿದವರಿಗೆ ತಲಾ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಎಂದು ಗೊತ್ತುಮಾಡಿತ್ತು. ಬೇರೆ ನಷ್ಟಕ್ಕೆ ಅರ್ಜಿ ಹಾಕುವುದಿಲ್ಲ ಎಂದವರಿಗೆ ಅದೇ 4,000 ಮತ್ತು 8,000 ಡಾಲರ್. ಸಂಬಳದ ಬಾಕಿ, ಮನೆಸಾಮಾನು, ಬ್ಯಾಂಕಿನ ಹಣ ಹೋದವರಿಗೆ 1 ಲಕ್ಷ ಡಾಲರ್‌ವರೆಗೆ ಬೇರೆ ವರ್ಗವೇ ಇತ್ತು. ಆದರೆ ಅದಕ್ಕೆ ಕಳೆದುಕೊಂಡದ್ದೇನು ಎಂಬುದಕ್ಕೆ ಪುರಾವೆ ಬೇಕಿತ್ತು. ಓಡಿಬರುವ ಗಡಿಬಿಡಿಯಲ್ಲಿ ಸಂಬಳದ ಚೀಟಿ ಎತ್ತಿಟ್ಟುಕೊಳ್ಳುವವರು ಯಾರು?

ಆದ್ದರಿಂದ ಆ ಕೆಲಸವನ್ನು ಶಾಂತಿಯ ದಿನಗಳಲ್ಲೇ ಮುಗಿಸಿಡಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಕುವೈತ್ ಸರ್ಕಾರದ ಗುರುತಿನ ಚೀಟಿಯಾದ ಸಿವಿಲ್ ಐಡಿಯ ಎರಡೂ ಬದಿ, ಕೆಲಸದ ಕರಾರು, ಕೊನೆಯ ಆರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ಕರಾರು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ. ನಿಮ್ಮ ಗಂಡನ ಇ-ಮೇಲಿಗೆ ಒಂದು, ನಿಮ್ಮ ಇ-ಮೇಲಿಗೆ ಒಂದು ಪ್ರತಿ ಹೋಗಲಿ. ಪ್ರಿಂಟ್ ತೆಗೆದ ಇನ್ನೊಂದು ಕಟ್ಟು ಊರಿನ ಕಪಾಟಿನಲ್ಲಿರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಸಾಕು ಅಂದುಕೊಳ್ಳಬೇಡಿ. ಫೋನ್ ಕಳೆದುಹೋದರೆ ಅದೂ ಹೋಗುತ್ತದೆ. ಸಿವಿಲ್ ಐಡಿ ನವೀಕರಣವಾದಾಗಲೆಲ್ಲ ಹಳೆಯದನ್ನು ಬದಲಿಸಿ. ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಸಿಕ್ಕಿಬಿದ್ದವರಿಗೆ ನಮ್ಮ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದು ಭಾರತಕ್ಕೆ ಮರಳಲು ಮಾತ್ರ. ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೊ ಇದ್ದರೆ ಕೆಲಸ ಬೇಗ ಆಗುತ್ತದೆ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಇರಾಕ್ ಆಡಳಿತ ಕುವೈತ್ ದಿನಾರನ್ನೇ ಚಲಾವಣೆಯಿಂದ ತೆಗೆದುಹಾಕಿತು. ಬಿಡುಗಡೆಯಾದ ಮೇಲೆ ಕುವೈತ್ ಸರ್ಕಾರ ಹೊಸ ನೋಟು ತಂದು, ಲೂಟಿಯಾದ ಹಳೆಯ ನೋಟುಗಳ ಕ್ರಮಸಂಖ್ಯೆ ರದ್ದು ಮಾಡಿತು. ಉಕ್ರೇನಿನಲ್ಲಿ 2022ರ ಫೆಬ್ರುವರಿ 24ರಂದು, ರಷ್ಯಾದ ದಾಳಿ ಶುರುವಾದ ದಿನವೇ, ಅಲ್ಲಿನ ಕೇಂದ್ರ ಬ್ಯಾಂಕ್ ನಗದು ತೆಗೆಯುವುದಕ್ಕೆ ದಿನಕ್ಕೆ 1 ಲಕ್ಷ ಹ್ರಿವ್ನಿಯಾ ಮಿತಿ ಹಾಕಿ, ಖಾತೆಯಿಂದ ವಿದೇಶಿ ಕರೆನ್ಸಿ ತೆಗೆಯುವುದನ್ನೇ ನಿಲ್ಲಿಸಿತು. ಖರ್ಚಿಗೆ ಬೇಕಾದ್ದು ಬಿಟ್ಟು ಉಳಿದ ಸಂಬಳ ತಿಂಗಳು ತಿಂಗಳು ಇಲ್ಲಿನ ಬ್ಯಾಂಕಿನಲ್ಲಿ ವಿದೇಶದಲ್ಲಿರುವ ಭಾರತೀಯರಿಗಾಗಿ ಇರುವ ಎನ್‌ಆರ್‌ಇ ಖಾತೆಗೆ ಬರಲಿ. ಅವರ ಕೈಯಲ್ಲಿ 10, 20ರ ಡಾಲರ್ ನೋಟುಗಳು ಸ್ವಲ್ಪ ಇರಲಿ. ನೂರರ ನೋಟಿಗೆ ಗಡಿಯಲ್ಲಿ ಚಿಲ್ಲರೆ ಸಿಗುವುದಿಲ್ಲ.

ಕರೆ ಮಾಡಲು ಮನೆಯಿಂದ ಒಬ್ಬರನ್ನೇ ಗೊತ್ತುಮಾಡಿ, ದಿನಕ್ಕೆ ಎರಡು ಹೊತ್ತು. ಹತ್ತು ಮಂದಿ ನೆಂಟರು ಕರೆ ಮಾಡಿದರೆ ಅವರ ಬ್ಯಾಟರಿ ಅದಕ್ಕೇ ಮುಗಿಯುತ್ತದೆ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವುದುಂಟು. ಎಲ್ಲಿದ್ದೇನೆ, ಯಾರ ಜತೆ, ಬ್ಯಾಟರಿ ಎಷ್ಟು, ಮುಂದಿನ ಸಂದೇಶ ಎಷ್ಟು ಹೊತ್ತಿಗೆ, ಇಷ್ಟು ಇದ್ದರೆ ಸಾಕು ಎಂದು ಈಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಯುದ್ಧದ ಸುದ್ದಿ ಬಂದ ದಿನ ಬಂಕಿನಲ್ಲಿ ಕ್ಯೂ ನೋಡಿ ಮಗ ಎರಡು ಕ್ಯಾನ್ ಪೆಟ್ರೋಲ್ ತಂದಿಟ್ಟಿದ್ದಾನೆ. ಮನೆಯವರು ಹತ್ತು ಲೀಟರ್ ಸೂರ್ಯಕಾಂತಿ ಎಣ್ಣೆ ತರಬೇಕು ಅನ್ನುತ್ತಿದ್ದಾರೆ. ಇದು ಸರಿಯೇ?
— ನಿವೃತ್ತ ನೌಕರರು, ಸುರತ್ಕಲ್

ಉತ್ತರ: ಮೊದಲು ಆ ಕ್ಯಾನುಗಳನ್ನು ಮನೆಯಿಂದ ಹೊರಗೆ ತೆಗೆಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿಕೊಂಡು ಅಡುಗೆಮನೆಯವರೆಗೂ ಬರುತ್ತದೆ. ಫ್ರಿಜ್ಜಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಅಂಗಳದಲ್ಲಿ, ಎಂಜಿನ್ ತಣ್ಣಗಿರುವಾಗ, ಲಾಳಿಕೆ ಇಟ್ಟು ವಾಹನದ ಟ್ಯಾಂಕಿಗೇ ಹಾಕಿಬಿಡಿ.

ಪೆಟ್ರೋಲ್ ನಾಳೆಯೇ ಮುಗಿದುಹೋಗುವ ವಸ್ತು ಅಲ್ಲ. ದೇಶದ ತುರ್ತು ಕಚ್ಚಾತೈಲ ಸಂಗ್ರಹದ ದೊಡ್ಡ ಪಾಲು ನಮ್ಮ ಸುತ್ತಮುತ್ತಲೇ ಇದೆ. ಪಾದೂರಿನಲ್ಲಿ ಬಂಡೆ ಕೊರೆದ ನೆಲದಡಿಯ ಗುಹೆಗಳಿಗೆ 25 ಲಕ್ಷ ಟನ್, ಮಂಗಳೂರಿನವಕ್ಕೆ 15 ಲಕ್ಷ ಟನ್ ಹಿಡಿಯುವ ಸಾಮರ್ಥ್ಯ. ವಿಶಾಖಪಟ್ಟಣದಲ್ಲಿ ಇನ್ನು 13.3 ಲಕ್ಷ ಟನ್. ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. ಇದಲ್ಲದೆ ತೈಲ ಕಂಪನಿಗಳದ್ದೇ ಸಂಗ್ರಹಾಗಾರಗಳು ಎರಡು ತಿಂಗಳಿಗೆ ಸಾಕಾಗುವಷ್ಟು ದೊಡ್ಡವು.

ಬೆಲೆ ಏರುತ್ತದೆ ಎಂದು ತುಂಬಿಸಿಕೊಳ್ಳುವುದರಲ್ಲೂ ಲಾಭ ಕಡಿಮೆ. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾದ ದಾಳಿ ಶುರುವಾದದ್ದು ಫೆಬ್ರುವರಿ 24ಕ್ಕೆ. ನಮ್ಮ ಬಂಕುಗಳಲ್ಲಿ ದರ ಏರಲು ಶುರುವಾದದ್ದು ಮಾರ್ಚ್ 22ಕ್ಕೆ, ಅದೂ ಹೆಚ್ಚಾಗಿ 80 ಪೈಸೆಯಂತೆ, ಎರಡು ವಾರದಲ್ಲಿ ಒಟ್ಟು ಸುಮಾರು 10 ರೂಪಾಯಿ. ಮೊದಲ ದಿನ ಕ್ಯೂ ನಿಂತು ತುಂಬಿಸಿದ ಪೆಟ್ರೋಲ್ ಅಷ್ಟರಲ್ಲಿ ಖಾಲಿಯಾಗಿತ್ತು.

ಎಣ್ಣೆಯ ಮಾತು ಬೇರೆ. ಅಲ್ಲಿ ಭಯಕ್ಕೆ ಆಧಾರವಿತ್ತು. ನಮಗೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಉಕ್ರೇನ್ ಮತ್ತು ರಷ್ಯಾದಿಂದಲೇ ಬರುತ್ತಿತ್ತು. ಅದರ ಮೇಲೆ ಇಂಡೊನೇಷ್ಯಾ ಏಪ್ರಿಲ್ 28ರಿಂದ ಮೇ 23ರವರೆಗೆ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಆದರೂ ಲೆಕ್ಕ ಹಾಕಿ: ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ಮೂರು ಲೀಟರ್ ಧಾರಾಳ. ಲೀಟರಿಗೆ 40 ರೂಪಾಯಿ ಏರಿತು ಎಂದೇ ಇಟ್ಟುಕೊಂಡರೂ ತಿಂಗಳಿಗೆ 120 ರೂಪಾಯಿ ಹೆಚ್ಚು. ಒಂದು ತಿಂಗಳಿನದ್ದು ಹೆಚ್ಚುವರಿ ತಂದಿಡಿ, ಸಾಕು. ಒಗ್ಗರಣೆ, ಪಲ್ಯಕ್ಕೆ ನಮ್ಮದೇ ತೆಂಗಿನೆಣ್ಣೆ ಇದ್ದೇ ಇದೆ.

ದಿನಸಿ ಅಂಗಡಿಯವರು ಎಣ್ಣೆಯನ್ನು ಕೆಲವು ದಿನದ ಮಾರಾಟಕ್ಕೆ ಬೇಕಾದಷ್ಟೇ ತರಿಸಿಡುತ್ತಾರೆ. ಬೀದಿಯವರೆಲ್ಲ ಮೂರು ತಿಂಗಳಿನದ್ದು ಒಂದೇ ಸಂಜೆ ಒಯ್ದರೆ, ಹಡಗು ಬರುವುದು ನಿಲ್ಲದಿದ್ದರೂ, ಕಪಾಟು ಖಾಲಿ. ಆ ಖಾಲಿ ಕಪಾಟಿನ ಫೋಟೊ ಗ್ರೂಪುಗಳಿಗೆ ಹೋಗಿ ಮರುದಿನ ಇನ್ನಷ್ಟು ಜನ ಬರುತ್ತಾರೆ. ದಿನಗೂಲಿಯಲ್ಲಿ ಅರ್ಧ ಲೀಟರ್ ಕೊಳ್ಳುವವರು ಬರಿಗೈಲಿ ಹೋಗುತ್ತಾರೆ. ದಯವಿಟ್ಟು ಅದಕ್ಕೆ ಕಾರಣರಾಗಬೇಡಿ.

ಪ್ರಶ್ನೆ: ಮಗಳು ವಿದೇಶದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಆ ಕಡೆ ಯುದ್ಧದ ಮಾತು ಕೇಳಿಬರುತ್ತಿದೆ. ‘ಅಲ್ಲಿಗೆ ಯಾಕೆ ಕಳಿಸಿದಿರಿ, ಈಗಲೇ ಕರೆಸಬಾರದೇ’ ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಕರೆಸಬೇಕು?
— ತಂದೆ, ಕಾರ್ಕಳ

ಉತ್ತರ: ಹೀಗೆ ಕೇಳುವವರು 2022ರಲ್ಲೂ ಇದ್ದರು, ನಮ್ಮ ಮಕ್ಕಳು ಉಕ್ರೇನಿನ ನೆಲಮಾಳಿಗೆಗಳಲ್ಲಿ ಕುಳಿತಿದ್ದಾಗಲೇ. ಆ ಮಾತು ಆಡಬಾರದಿತ್ತು. ‘ತಾತ್ಕಾಲಿಕವಾಗಿ ಹೊರಡಿ’ ಎಂದು ನಮ್ಮ ರಾಯಭಾರ ಕಚೇರಿ ಫೆಬ್ರುವರಿ 15ರಂದೇ ಹೇಳಿತ್ತು, ನಿಜ. ಆದರೆ ಕಾಲೇಜುಗಳಲ್ಲಿ ಪಾಠ ನಡೆಯುತ್ತಿತ್ತು, ಹಾಜರಿ ಹೋಗುವ ಭಯವಿತ್ತು, ಟಿಕೆಟ್ ದುಬಾರಿಯಾಗಿತ್ತು. 24ರ ಬೆಳಿಗ್ಗೆ ವಾಯುಮಾರ್ಗ ಮುಚ್ಚಿತು. ಕರೆತರಲು ಹೊರಟ ಏರ್ ಇಂಡಿಯಾ ವಿಮಾನ ದಾರಿಯಿಂದಲೇ ಹಿಂದಿರುಗಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬರು ಹಾರ್ಕಿವ್‌ನಲ್ಲಿ ಆಹಾರ ತರಲು ಹೋಗಿ ಜೀವ ಕಳೆದುಕೊಂಡರು. ಅವರ ದೇಹ ಊರು ಸೇರಿದ್ದು ಮಾರ್ಚ್ 21ಕ್ಕೆ.

ನೀವು ಮಾಡಬೇಕಾದ್ದು ಇಷ್ಟು. ಮಗಳ ಹೆಸರು, ವಿಳಾಸ ರಾಯಭಾರ ಕಚೇರಿಯಲ್ಲಿ ಈಗಲೇ ನೋಂದಣಿಯಾಗಲಿ. ‘ತಾತ್ಕಾಲಿಕವಾಗಿ ಹೊರಡಿ’ ಎಂಬ ಸೂಚನೆ ಬಂದ ದಿನವೇ ಟಿಕೆಟ್ ಮಾಡಿ, ಎರಡನೆಯ ಸೂಚನೆಗೆ ಕಾಯಬೇಡಿ. ಆನ್‌ಲೈನ್ ಪಾಠಕ್ಕಾಗಿ ಕಾಲೇಜಿಗೆ ಇ-ಮೇಲಿನಲ್ಲಿ ಬರೆದು ಕೇಳಲಿ. ಉತ್ತರ ಬಾರದಿದ್ದರೂ ಕೇಳಿದ ದಾಖಲೆ ಉಳಿಯುತ್ತದೆ. ದಾಳಿ ಶುರುವಾದ ಮೇಲೆ ಮಾತ್ರ ಈ ಅವಸರ ಬೇಡ. ಆಗ ಸೂಚನೆಗಳು ದಿನಕ್ಕೊಂದು ರೀತಿ ಇರುತ್ತವೆ. ಫೆಬ್ರುವರಿ 26ರಂದು ‘ನಮ್ಮನ್ನು ಕೇಳದೆ ಗಡಿಗೆ ಹೋಗಬೇಡಿ’ ಎಂದಿದ್ದ ಕಚೇರಿಯೇ ಮಾರ್ಚ್ 2ರಂದು, ನಡೆದುಕೊಂಡಾದರೂ ಸರಿ, ಸಂಜೆ 6ರೊಳಗೆ ಹಾರ್ಕಿವ್ ಬಿಡಿ ಎಂದಿತು. ಅದು ಅಲ್ಲಿನ ಗಂಟೆ. ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಸೂಚನೆಯನ್ನು ಮಗಳಿಗೆ ಕಳಿಸುವಾಗ ತಾರೀಕು ಮತ್ತು ಯಾವ ದೇಶದ ಸಮಯ ಎಂಬುದನ್ನು ಸೇರಿಸಿ. ಊರಿನ ಕಡೆಯಿಂದ ಜಿಲ್ಲಾಧಿಕಾರಿ ಕಚೇರಿಯ 1077ಕ್ಕೆ ವಿವರ ಕೊಡಿ.

ಪ್ರಶ್ನೆ: ಯುದ್ಧ ಶುರುವಾದರೆ ಎಸ್‌ಐಪಿ ನಿಲ್ಲಿಸಬೇಕೇ?
— ಶಿಕ್ಷಕಿ, ಉಡುಪಿ

ಉತ್ತರ: ಎಸ್‌ಐಪಿ ಎಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಕಂತು. ಅದು ಐದು ವರ್ಷದೊಳಗೆ ಬೇಕಾಗದ ಹಣವಾದರೆ ನಿಲ್ಲಿಸಬೇಡಿ. 2022ರ ಫೆಬ್ರುವರಿ 24ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,702 ಅಂಶ ಬಿತ್ತು, ಮರುದಿನವೇ 1,328 ಅಂಶ ಏರಿತು. ಮಾರ್ಚ್ ಮೊದಲ ವಾರ ಮತ್ತೆ ಇಳಿದು, ಏಪ್ರಿಲ್ ಆರಂಭದಲ್ಲಿ 60,000 ದಾಟಿತ್ತು. ಎಲ್ಲ ಯುದ್ಧದಲ್ಲೂ ಹೀಗೇ ಆಗುತ್ತದೆಂದಲ್ಲ. ಮಗಳ ಮದುವೆ, ಮನೆ ಕೆಲಸ ಎಂದು ಈ ವರ್ಷವೇ ಬೇಕಾಗುವ ಹಣವನ್ನು ಷೇರಿನಲ್ಲಿ ಇಡುವುದೇ ತಪ್ಪು, ಯುದ್ಧ ಇರಲಿ ಇಲ್ಲದಿರಲಿ.

ಪ್ರಶ್ನೆ: ದೊಡ್ಡಪ್ಪ ಮನೆಯವರ ಗ್ರೂಪಿಗೆ ದಿನಕ್ಕೆ ಹತ್ತಾರು ಯುದ್ಧದ ವಿಡಿಯೋ ಹಾಕುತ್ತಾರೆ. ನಿಜವೋ ಸುಳ್ಳೋ ಗೊತ್ತುಮಾಡುವುದು ಹೇಗೆ? ಅವರಿಗೆ ಹೇಳುವುದು ಹೇಗೆ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಮೊದಲು ದನಿ ಕೇಳಿ. ಬೆಳಕು ಕೂಡಲೇ ಕಾಣುತ್ತದೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್‌ನಂತೆ ಬರುತ್ತದೆ. ಒಂದು ಕಿಲೋಮೀಟರ್ ದೂರದ ಸ್ಫೋಟದ ಸದ್ದು ಮೂರು ಸೆಕೆಂಡ್ ತಡ. ದೂರದ ಕಟ್ಟಡ ಸಿಡಿಯುವುದೂ ಸದ್ದೂ ಒಟ್ಟಿಗೇ ಆದರೆ ಆಡಿಯೋ ಆಮೇಲೆ ಜೋಡಿಸಿದ್ದು, ಇಲ್ಲವೇ ಅದು ಗೇಮ್. ಉಕ್ರೇನ್ ಯುದ್ಧದ ಮೊದಲ ದಿನಗಳಲ್ಲಿ ಆರ್ಮಾ 3 ಎಂಬ ವಿಡಿಯೋ ಗೇಮಿನ ದೃಶ್ಯಗಳು ಯುದ್ಧವೆಂದೇ ಹರಿದಾಡಿದವು. ನಂತರ ಮರಗಳನ್ನು ನೋಡಿ. ಫೆಬ್ರುವರಿಯ ಉಕ್ರೇನಿನಲ್ಲಿ ಬೀದಿಮರಗಳಿಗೆ ಎಲೆ ಇರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ. ಮೊದಲ ಫ್ರೇಮ್ ಬೇಡ, ಅದರಲ್ಲಿ ಚಾನೆಲ್ ಹೆಸರು ಅಂಟಿಸಿರುತ್ತಾರೆ. ಅಂಗಡಿಯ ಬೋರ್ಡು, ಕಟ್ಟಡದ ಮೂಲೆ ಕಾಣುವ ನಡುವಿನ ಫ್ರೇಮ್ ತೆಗೆಯಿರಿ. ಅದೇ ಚಿತ್ರ ಹಳೆಯ ತಾರೀಕಿನಲ್ಲಿ ಸಿಕ್ಕರೆ ಅಲ್ಲಿಗೆ ಮುಗಿಯಿತು.

ಅಧಿಕೃತ ಮಾತನ್ನೂ ಮೊದಲ ವಾರ ಸ್ವಲ್ಪ ತಡೆದು ನಂಬಬೇಕು. ಕಪ್ಪು ಸಮುದ್ರದ ಸ್ನೇಕ್ ಐಲ್ಯಾಂಡಿನ ಕಾವಲುಗಾರರೆಲ್ಲ ಸತ್ತರು ಎಂದು ಉಕ್ರೇನ್ ಅಧ್ಯಕ್ಷರೇ ಹೇಳಿದ್ದರು. ಕೆಲವೇ ದಿನಗಳಲ್ಲಿ ಅವರು ರಷ್ಯಾದ ಸೆರೆಯಲ್ಲಿ ಜೀವಂತ ಇದ್ದಾರೆ ಎಂದು ಅಲ್ಲಿನ ನೌಕಾಪಡೆ ತಿಳಿಸಿತು.

ದೊಡ್ಡಪ್ಪನವರಿಗೆ ಗ್ರೂಪಿನಲ್ಲಿ ಎಲ್ಲರೆದುರು ಹೇಳಬೇಡಿ. ತಪ್ಪಾಯಿತೆಂದು ಗೊತ್ತಾದರೂ ಆಗ ಒಪ್ಪಿಕೊಳ್ಳಲು ಕಷ್ಟವಾಗುತ್ತದೆ. ಅವರೊಬ್ಬರಿಗೇ ಕರೆ ಮಾಡಿ, ‘ದೊಡ್ಡಪ್ಪ, ನೀವು ಹಾಕಿದ್ದು ಹಳೆಯದಂತೆ, ಮೂಲ ವಿಡಿಯೋ ಕಳಿಸುತ್ತೇನೆ, ಒಮ್ಮೆ ನೋಡಿ’ ಎಂದು ಲಿಂಕ್ ಕಳಿಸಿ. ಅಳಿಸುವ ಕೆಲಸ ಅವರೇ ಮಾಡಲಿ. ಕಳಿಸಿ ಎರಡು ದಿನ ಆಗಿಲ್ಲವಾದರೆ ಎಲ್ಲರ ಫೋನಿನಿಂದಲೂ ಅಳಿಸಲು ಬರುತ್ತದೆ.