ಕೊರೊನಾ ಸಾವಿನ ಪ್ರಮಾಣ ದೇಶಕ್ಕೊಂದು ಥರ ಇದ್ದದ್ದು ವೈರಸ್‌ನ ಜೀನ್ ಬದಲಾಗಿದ್ದರಿಂದಲೇ?

ಸ್ವಲ್ಪ ಮಟ್ಟಿಗೆ ಮಾತ್ರ. ಈ ವೈರಸ್‌ನ ಜೀನೋಮ್‌ನಲ್ಲಿ, ಅಂದರೆ ಅದರ ಪೂರ್ತಿ ಆನುವಂಶಿಕ ಬರಹದಲ್ಲಿ, ಸುಮಾರು 30,000 ಅಕ್ಷರಗಳಿವೆ. ನಕಲಾಗುವಾಗ ತಪ್ಪುಗಳು ಆಗುತ್ತಲೇ ಇರುತ್ತವೆ, ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. 2020ರಲ್ಲಿ ಜಗತ್ತನ್ನೆಲ್ಲ ಆವರಿಸಿದ ಡಿ614ಜಿ ಎಂಬ ಬದಲಾವಣೆಯನ್ನೇ ನೋಡಿ. ವೈರಸ್‌ನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ 614ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನಿನ ಒಂದು ಬಿಡಿ ಘಟಕ) ಬದಲಾಯಿತು. ಹರಡುವ ವೇಗ ಜಾಸ್ತಿಯಾಯಿತು, ಆದರೆ ಕಾಯಿಲೆ ಹೆಚ್ಚು ಮಾರಕವಾಯಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಡೆಲ್ಟಾ ತಳಿಯದು ಬೇರೆ ಮಾತು, ಅದರಿಂದ ಕಾಯಿಲೆ ನಿಜಕ್ಕೂ ಜೋರಾಗಿ ಬರುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ಹಾಂಗ್‌ಕಾಂಗ್. 2022ರ ಆರಂಭದಲ್ಲಿ ಅಲ್ಲೂ ನ್ಯೂಜಿಲೆಂಡ್‌ನಲ್ಲೂ ಹಬ್ಬಿದ್ದು ಬಹುಮಟ್ಟಿಗೆ ಓಮಿಕ್ರಾನ್‌ನ ಬಿಎ.2 ಉಪತಳಿಯೇ. ಎರಡೂ ಕಡೆ ಅಲ್ಲಿಯವರೆಗೆ ಸೋಂಕು ತಗುಲಿದವರು ಕಡಿಮೆ. ಆದರೂ ಹಾಂಗ್‌ಕಾಂಗ್‌ನಲ್ಲಿ ಕೆಲವೇ ವಾರಗಳಲ್ಲಿ ಸಾವಿರಾರು ಜನ ತೀರಿಕೊಂಡರು. ನ್ಯೂಜಿಲೆಂಡ್ ಅದರ ಹತ್ತಿರಕ್ಕೂ ಹೋಗಲಿಲ್ಲ. ಯಾಕೆ? ಅಲೆ ಶುರುವಾದಾಗ ಹಾಂಗ್‌ಕಾಂಗ್‌ನಲ್ಲಿ 80 ದಾಟಿದ ಬಹುಪಾಲು ಹಿರಿಯರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ನ್ಯೂಜಿಲೆಂಡ್‌ನಲ್ಲಿ ಹಿರಿಯರಿಗೆ ಬೂಸ್ಟರ್ ಕೂಡ ಆಗಿತ್ತು. ವೈರಸ್ ಒಂದೇ, ಎದುರಿಗಿದ್ದ ಜನ ಬೇರೆ, ಅಲ್ವಾ?

ಇನ್ನು ಲೆಕ್ಕದ ಗೊಂದಲ. ಆಸ್ಪತ್ರೆಗೆ ಬಂದವರಿಗಷ್ಟೇ ಟೆಸ್ಟ್ ಮಾಡಿದರೆ ಸಣ್ಣಪುಟ್ಟ ಸೋಂಕು ಲೆಕ್ಕಕ್ಕೇ ಬರುವುದಿಲ್ಲ. ಆಗ ಸಾವಿನ ಶೇಕಡಾವಾರು ಸುಮ್ನೆ ಏರಿದಂತೆ ಕಾಣುತ್ತದೆ.